ಬಿಸಿಲು ಕೇಳುತ್ತಿದ್ದ ಅಕ್ಕ

ಅಕ್ಕನ ಕುತ್ತಿಗೆಗೆ ಸದಾ ಒಂದು ಒದ್ದೆ ಟವೆಲ್ ಸುತ್ತಿರುತ್ತಿತ್ತು. ನೀಲಿ ಅಂಚಿನ ಬಿಳಿ ಟವೆಲ್. ಅದರಿಂದ ಇಳಿದ ನೀರು ರವಿಕೆಯ ಬೆನ್ನನ್ನು ತೋಯಿಸಿ ಅಲ್ಲೊಂದು ಅಂಗೈಯಗಲದ ಕಲೆ ಮೂಡಿಸಿರುತ್ತಿತ್ತು. ಬಾಡಿಗೆ ಮನೆ ಕೇಳಿಕೊಂಡು ಮೊದಲ ಸಲ ಅವರ ಬಾಗಿಲಿಗೆ ಹೋದ ದಿನ, ಪಾಪ, ಈಗಷ್ಟೇ ತಲೆಗೆ ನೀರು ಹಾಕಿಕೊಂಡು ಎದ್ದು ಬಂದಿರಬೇಕು ಎಂದುಕೊಂಡಿದ್ದೆ. ಆ ಟವೆಲ್ ಇಲ್ಲದೆ ಅವರಿಗೆ ಬಾಗಿಲ ತನಕ ನಡೆದು ಬರುವುದೂ ಕಷ್ಟ ಎಂಬುದು ಆಮೇಲೆ ಗೊತ್ತಾಯಿತು.

ಆ ವಾರ ಬಾಣಸವಾಡಿಯಲ್ಲಿ ನೋಡಿದ ಮನೆಗಳಲ್ಲೆಲ್ಲ ನನಗೆ ಎದುರಾದದ್ದು ಒಂದೇ ಪ್ರಶ್ನೆ. ಯಜಮಾನರು ಎಲ್ಲಿ ಕೆಲಸ ಮಾಡ್ತಾರೆ? ಮದುವೆ ಮುರಿದುಕೊಂಡು ಸಿಂದಗಿಯಿಂದ ಇಲ್ಲಿನ ಕಚೇರಿಯೊಂದಕ್ಕೆ ಕೆಲಸಕ್ಕೆ ಬಂದವಳು ನಾನು. ಇದ್ದದ್ದನ್ನು ಇದ್ದ ಹಾಗೆ ಹೇಳಿದ ಕೂಡಲೇ ಆ ಮನೆ ಬೇರೆ ಯಾರಿಗೋ ಮಾತಾಗಿಬಿಟ್ಟಿರುತ್ತಿತ್ತು. ರೈಲ್ವೆ ಸ್ಟೇಷನ್ನಿನ ಹಿಂದಿನ ಆ ಮನೆಯ ಬಾಗಿಲಲ್ಲೂ ಉತ್ತರವನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡೇ ನಿಂತಿದ್ದೆ. ಅಕ್ಕ ನನ್ನ ಮುಖವನ್ನೊಮ್ಮೆ ನೋಡಿ, "ಈ ಬಿಸಿಲಲ್ಲಿ ನಡ್ಕೊಂಡೇ ಬಂದ್ಯಾ? ಒಳಗ್ ಬಾ, ಬೇಗ ಬಾಗ್ಲು ಹಾಕು," ಎಂದರು. ಒಳಗೆ ಹಿತವಾದ ತಂಪಿತ್ತು. ನೀರು ಕೊಟ್ಟು, ಯಾವೂರು ಎಂದು ಕೇಳಿದರು. ವಿಜಯಪುರ ಜಿಲ್ಲೆ, ಸಿಂದಗಿ ಎಂದೆ.

"ಅಲ್ಲಿ ಬಿಸ್ಲು ಜೋರಂತೆ?"

"ಭಾಳ ಜೋರ್ರಿ."

"ಹೆಂಗಿರ್ತದೆ, ಹೇಳು."

ಬಿಸಿಲು ಹೇಗಿರುತ್ತದೆ ಎಂದು ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಏನು ಹೇಳುವುದೆಂದು ತೋಚದೆ, ಮಾಳಿಗೆಯ ಮೇಲೆ ಒಣಹಾಕಿದ ಶೇಂಗಾವನ್ನು ಮಧ್ಯಾಹ್ನದ ಹೊತ್ತಿಗೆ ಹಿಡಿ ತುಂಬ ತೆಗೆದುಕೊಂಡರೆ ಅಂಗೈ ಚುರ್ ಎನ್ನುತ್ತದೆ ಎಂದೆ. ಅವರು ಸೋಫಾಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡರು. "ಆಮೇಲೆ?" ಎಂದರು. ಬಸ್ಸಿನ ಕಂಬಿ ಹಿಡಿಯಲು ಸೆರಗು ಸುತ್ತಿಕೊಳ್ಳಬೇಕಾಗುತ್ತದೆ ಎಂದೆ. ಬೇಸಗೆಯಲ್ಲಿ ನಾಯಿಗಳು ಬಣವೆಯ ನೆರಳಲ್ಲಿ ಮಲಗಿದ್ದು ಸಂಜೆಯವರೆಗೆ ಕದಲುವುದಿಲ್ಲ ಎಂದೆ. ಅವರು ಕಣ್ಣು ತೆರೆದು, ಟೀಪಾಯಿಯ ಮೇಲಿದ್ದ ಮಹಡಿಯ ಮನೆಯ ಬೀಗದ ಕೈಯನ್ನು ನನ್ನ ಕಡೆ ತಳ್ಳಿದರು. ಗಂಡನ ಮಾತು ಅಂದೂ ಬರಲಿಲ್ಲ, ಮುಂದೆ ನಾನಾಗಿ ಹೇಳುವವರೆಗೂ ಬರಲಿಲ್ಲ.

ಅವರಿಗೆ ನರಗಳ ಕಾಯಿಲೆ ಇತ್ತು. ನರಗಳ ಮೇಲಿನ ಹೊದಿಕೆಯೇ ಅಲ್ಲಲ್ಲಿ ಸವೆದುಹೋಗುವಂಥದ್ದು. ಮೈ ತಂಪಾಗಿದ್ದಾಗ ಗೋಡೆ ಹಿಡಿದು ಓಡಾಡುತ್ತಿದ್ದರು, ಸಾರು ಒಗ್ಗರಿಸುತ್ತಿದ್ದರು, ಕುಳಿತು ಹೂ ಕಟ್ಟುತ್ತಿದ್ದರು. ಸೆಕೆ ಸ್ವಲ್ಪ ಏರಿದರೂ ಕಾಲುಗಳು ಸೋತು, ಕಣ್ಣಿನ ಮುಂದೆ ಮಂಜು ಕವಿದು, ಮಾತು ತೊದಲುತ್ತಿತ್ತು. ಮತ್ತೆ ತಂಪಾದರೆ ನಿಧಾನವಾಗಿ ಎಲ್ಲವೂ ಮರಳುತ್ತಿತ್ತು. ಐವತ್ತರ ಆಸುಪಾಸಿನ ಹೆಂಗಸು. ಮಹದೇವಪುರದಲ್ಲಿ ಸೊಪ್ಪು, ಅವರೆ ಬೆಳೆಯುವ ಮನೆಯಲ್ಲಿ ಹುಟ್ಟಿದವರು. ಮಧ್ಯಾಹ್ನದ ಬಿಸಿಲಲ್ಲಿ ಬರಿಗಾಲಲ್ಲಿ ಪಾತಿ ಮಾಡಿದವರು. ಅಪ್ಪನ ಜೊತೆ ಟೆಂಪೋದಲ್ಲಿ, ಸೊಪ್ಪಿನ ಮೂಟೆಗಳ ಮೇಲೆ ಕೂತು, ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದರಂತೆ. ಅವರು ಬಿಸಿಲಿಗೆ ನಿಲ್ಲದೆ ಎಷ್ಟೋ ವರ್ಷಗಳಾಗಿದ್ದವು.

ಅವರ ಯಜಮಾನರು ಬಾಣಸವಾಡಿಯ ಹಳೆಯ ಒಕ್ಕಲು ಮನೆತನದವರು. ಮಕ್ಕಳಿರಲಿಲ್ಲ. ಹೊಲಗಳೆಲ್ಲ ಬಡಾವಣೆಯಾದ ಮೇಲೆ ಉಳಿದ ಜಾಗದಲ್ಲಿ ಈ ಮನೆ ಕಟ್ಟಿಸಿದಾಗ, ಹೆಂಡತಿಯ ಕಾಯಿಲೆ ಗೊತ್ತಿದ್ದುದರಿಂದ, ಇಡೀ ಕೆಳಮನೆಗೆ ಒಂದೇ ಏಸಿ ಹಾಕಿಸಿದ್ದರು. ತಾರಸಿಯಲ್ಲಿ ದೊಡ್ಡ ಪೆಟ್ಟಿಗೆಯಂಥ ಒಂದು ಯಂತ್ರ. ಹಾಲಿನ ಫಾಲ್ಸ್ ಸೀಲಿಂಗಿನ ಮೇಲೆ ಇನ್ನೊಂದು. ಅಲ್ಲಿಂದ ಎಲ್ಲ ಕೋಣೆಗೂ ಗಾಳಿಯ ಕೊಳವೆಗಳು. ಹಾಲ್, ಅಡುಗೆಮನೆ, ದೇವರ ಮನೆ, ಎಲ್ಲೆಡೆಯೂ ಒಂದೇ ಹದದ ತಂಪು. ನೆಂಟರು ಇದನ್ನು ಶೋಕಿ ಎಂದು ಆಡಿಕೊಳ್ಳುತ್ತಿದ್ದರು. ಅಕ್ಕನಿಗೆ ಮಾತ್ರ ಅದು ಕಾಲು ಕೊಟ್ಟಿತ್ತು.

ನಾನು ಮಹಡಿಗೆ ಬಂದ ಎರಡನೆಯ ಬೇಸಗೆಯಲ್ಲಿ, ಏಪ್ರಿಲ್ ಶುರುವಾಗುತ್ತಿದ್ದಂತೆ, ಕೆಳಗಿನ ಗಾಳಿ ತಂಪು ಕಳೆದುಕೊಂಡಿತು. ಗ್ಯಾಸ್ ತುಂಬಿಸಿದರೆ ಕೆಲವು ದಿನ ಸರಿ, ಮತ್ತೆ ಅದೇ ಬಿಸಿ ಉಸಿರು. ಡೀಲರ್ ಕಡೆಯಿಂದ ಬಂದವರು ಎಲ್ಲವನ್ನೂ ಕಿತ್ತು ಹೊಸದು ಹಾಕಬೇಕು ಎಂದರು. ಯಜಮಾನರಿಗೂ ಸಾಕಾಗಿತ್ತು.

"ಅದನ್ನೆಲ್ಲ ತೆಗ್ಸಾಕಿ, ನಿನ್ ರೂಮಿಗೆ ಒಂದು ಗೋಡೆ ಏಸಿ ಹಾಕ್ಸಿಬಿಡ್ತೀನಿ. ಆರಾಮಾಗಿರ್ತೀಯ," ಎಂದರು.

ಅಕ್ಕ ಆಗ ಹಾಲಿನಲ್ಲಿ ಕೂತು ಟವೆಲ್ ಹಿಂಡಿ ಮತ್ತೆ ಸುತ್ತಿಕೊಳ್ಳುತ್ತಿದ್ದರು. ನಾನು ಅವರಿಗೆ ಐಸ್ ನೀರಿನ ಪಾತ್ರೆ ಹಿಡಿದಿದ್ದೆ.

"ಒಂದ್ ರೂಮಿಗೆ ನನ್ನ ಕಟ್ಟಾಕ್ಬ್ಯಾಡಿ ರೀ," ಎಂದರು. ದನಿ ಏರಿಸಲಿಲ್ಲ. "ಹೊಲ ಹೋಯ್ತು, ಬೀದಿ ಹೋಯ್ತು. ಅಂಗಳಾನೂ ಹೋಯ್ತು. ಈ ಮನೆ ಒಂದೈತೆ. ಅಡಿಗೆಮನೆಗೆ ಹೋಗ್ಬೇಕು, ದೇವ್ರಿಗೆ ನಾನೇ ದೀಪ ಹಚ್ಬೇಕು. ರೂಮಲ್ಲಿ ಕೂರ್ಸಿ ತಟ್ಟೆ ತಂದ್ಕೊಟ್ರೆ ನಾನ್ ತಿನ್ನಲ್ಲ."

ಯಜಮಾನರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಮಾರನೆಯ ದಿನ ಶಿವಾಜಿನಗರದಿಂದ ಬೇರೊಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದರು. ಗಡ್ಡಕ್ಕೆ ಮದರಂಗಿ ಹಚ್ಚಿದ, ಮಾತು ಜಾಸ್ತಿಯಾದ ಮನುಷ್ಯ. ಛಾವಣಿಯ ಹಲಗೆ ಬಿಚ್ಚಿ, ಏಣಿಯ ಮೇಲೆ ನಿಂತು ಟಾರ್ಚ್ ಬಿಟ್ಟು ನೋಡಿದ. "ಔಟ್‌ಡೋರ್, ತಾರಸಿ ಮೇಲಿಂದು, ಚೆನ್ನಾಗಿದೆ ಅಮ್ಮಾ. ಇದರ ಕೂಲಿಂಗ್ ಕಾಯಿಲ್ ಪೂರಾ ಹೋಗ್ಬಿಟ್ಟಿದೆ. ಅದೊಂದು ಬದಲಾಯಿಸಿದ್ರೆ ಆಯ್ತು," ಎಂದ.

ಅಕ್ಕನಿಗೆ ಅದನ್ನು ನೋಡಲೇಬೇಕಿತ್ತು. ಏಣಿ ಹತ್ತುವಂತಿರಲಿಲ್ಲ; ಮೆಕ್ಯಾನಿಕ್ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದ. ತೆಳು ತಗಡಿನ ಪದರಗಳ ನಡುವೆ ಹಾವಿನಂತೆ ಹಿಂದಕ್ಕೂ ಮುಂದಕ್ಕೂ ಹೊರಳಿದ ತಾಮ್ರದ ಕೊಳವೆ. ತಾರಸಿಯಿಂದ ಬಂದ ಗ್ಯಾಸ್ ಅದರೊಳಗೆ ಹರಿಯುವಾಗ ಕೊಳವೆ ತಣ್ಣಗಾಗುತ್ತದೆ, ಮನೆಯ ಗಾಳಿ ಅದನ್ನು ಹಾದು ತಂಪಾಗುತ್ತದೆ ಎಂದು ವಿವರಿಸಿದ. ತಾಮ್ರ ಕೆಂಪಾಗಿರಬೇಕಿತ್ತು. ಅದು ಕಾಡಿಗೆ ಬಳಿದ ಹಾಗಿತ್ತು.

"ಮೋರಿ ಗ್ಯಾಸ್ ಅಮ್ಮಾ," ಎಂದು ಹಿತ್ತಲ ಕಡೆ ಕೈ ತೋರಿಸಿದ. "ರಾಜಕಾಲುವೆ ಪಕ್ಕದ ಮನೆಗಳಲ್ಲಿ ಹೀಗೇ. ಆ ವಾಸನೆ ಕಾಪರನ್ನ ತಿಂದುಹಾಕುತ್ತೆ."

ಯಜಮಾನರು ಕಿಟಕಿಯಾಚೆ ನೋಡಿದರು. "ಆ ಕಾಲುವೇಲೇ ನಾನ್ ಈಜು ಕಲ್ತಿದ್ದು," ಎಂದರು.

"ಈಗದು ನಿಮ್ ಮಿಷನ್ ತಿಂತು ನೋಡಿ," ಎಂದು ಅಕ್ಕ ನಕ್ಕರು. ಆ ಸೆಕೆಯಲ್ಲಿ, ಆ ಸೋತ ಮೈಯಲ್ಲಿ, ಆ ನಗು ಎಲ್ಲಿಂದ ಬರುತ್ತಿತ್ತೋ.

ಆಮೇಲಿನ ಮಾತುಕತೆ ಸುಮಾರು ಹೊತ್ತು ನಡೆಯಿತು. ಯಜಮಾನರಿಗೆ ಇನ್ನೂ ದೊಡ್ಡ ಕಾಯಿಲ್ ಹಾಕಿಸುವ ಆಸೆ. ದೊಡ್ಡದಾದಷ್ಟೂ ತಂಪು ಜಾಸ್ತಿ ಅಲ್ಲವೇ ಎಂದು. ಮೆಕ್ಯಾನಿಕ್ ಬೇಡವೆಂದು ತಲೆಯಾಡಿಸಿದ. ತಾರಸಿಯ ಯಂತ್ರದ ಅಳತೆಗೆ ಹೊಂದದ ಕಾಯಿಲ್ ಹಾಕಿದರೆ ಗಾಳಿಯ ತೇವ ಹೋಗದೆ ಮನೆಯೆಲ್ಲ ಮುಗ್ಗಲು ಹಿಡಿಯುತ್ತದೆ, ಜೋಡಿ ಸರಿಯಿರಬೇಕು ಎಂದ. ಇನ್ನುಳಿದದ್ದು ಯಾವುದನ್ನು ಹಾಕುವುದು ಎಂಬ ಪ್ರಶ್ನೆ. ಬರಿ ತಾಮ್ರದ್ದು ಶಿವಾಜಿನಗರದಲ್ಲೇ ಸಿಗುತ್ತದೆ, ನಾಳೆಯೇ ಕೂರಿಸಬಹುದು. ಆದರೆ ಮೋರಿಯ ಗಾಳಿ ಅದನ್ನೂ ಎರಡು ಮೂರು ಬೇಸಗೆಯಲ್ಲಿ ತಿನ್ನುತ್ತದೆ. ಮೇಲೆ ಲೇಪನ ಇರುವ ಕಾಯಿಲ್ ಬಾಳುತ್ತದೆ, ಆದರೆ ಹೇಳಿ ತರಿಸಬೇಕು. ಬೇಸಗೆಯ ಬೇಡಿಕೆಯಲ್ಲಿ ಮೂರು ವಾರವಾದರೂ ಆಗಬಹುದು.

"ನಾಳೆನೇ ಹಾಕ್ಸಣ," ಎಂದರು ಯಜಮಾನರು. "ಇವಳ ಕಷ್ಟ ನೋಡಕ್ಕಾಗಲ್ಲ."

"ಬ್ಯಾಡ," ಎಂದರು ಅಕ್ಕ. "ತರ್ಸಿ. ಅಲ್ಲಿಗಂಟ ನೀವ್ ಹೇಳ್ದಂಗೆ ರೂಮಲ್ಲೇ ಇರ್ತೀನಿ. ಆಮೇಲೆ ನನ್ನ ಯಾರೂ ರೂಮಿಗೆ ಹಾಕ್ಬಾರ್ದು."

ಬಾಡಿಗೆಗೆ ತಂದ ಚಕ್ರದ ಏಸಿಯೊಂದನ್ನು ಮಲಗುವ ಕೋಣೆಯಲ್ಲಿ ಇಟ್ಟರು. ಅದರ ಗರಗರ ಸದ್ದಿನಲ್ಲಿ ಅಕ್ಕ ಏಪ್ರಿಲ್ ಕಳೆದರು. ಕಚೇರಿಯಿಂದ ಬಂದ ಕೂಡಲೇ ನಾನು ಅವರ ಪಕ್ಕ ಕೂರುತ್ತಿದ್ದೆ. "ಇವತ್ತು ಹೊರಗೆ ಹೆಂಗಿತ್ತು?" ಎಂದು ಕೇಳುತ್ತಿದ್ದರು. ಬೆಂಗಳೂರಿನ ಬಿಸಿಲು ಹೇಳಿ ಮುಗಿದ ಮೇಲೆ ಸಿಂದಗಿಯದು. ನನ್ನ ಹೊಟ್ಟೆಯಲ್ಲಿ ಆ ಊರಿನ ಮೇಲೆ ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಅಲ್ಲಿನ ಮನೆ, ಅಲ್ಲಿನ ಜನ, ಪಂಚಾಯ್ತಿಗೆ ಕೂತ ಹಿರಿಯರು, ಯಾವುದನ್ನೂ ನೆನೆಯಬಾರದೆಂದೇ ಓಡಿಬಂದಿದ್ದೆ. ಅಕ್ಕನಿಗೆ ಅದು ಯಾವುದೂ ಬೇಕಿರಲಿಲ್ಲ, ಬಿಸಿಲು ಬೇಕಿತ್ತು. ಹಾಗಾಗಿ ನಾನು ದಿನವೂ ಊರಿಗೆ ಹೋಗಿ ಬಿಸಿಲನ್ನಷ್ಟೇ ತರಬೇಕಾಗುತ್ತಿತ್ತು. ಅವ್ವ ಕುರಡಿಗಿ ಸಂಡಿಗೆ ಒಣಹಾಕಲು ಹಳೆಯ ಸೀರೆ ಹಾಸುತ್ತಿದ್ದದ್ದು, ಒಣಗಿದ ಜೋಳದ ದಂಟು ಗಾಳಿಗೆ ಗಲಗಲ ಅನ್ನುವುದು, ಕರಿನೆಲ ಬಿರಿದು ಅದರಲ್ಲಿ ನಮ್ಮ ಚೆಂಡು ಹೂತುಹೋಗುವುದು.

ಕಾಯಿಲ್ ಬಂತು. ಅದನ್ನು ಕೂರಿಸಲು ಒಂದು ದಿನ ಪೂರ್ತಿ ಬೇಕು, ಛಾವಣಿ ತೆಗೆಯಬೇಕು, ಬೆಂಕಿ ಹಚ್ಚಿ ಬೆಸುಗೆ ಹಾಕಬೇಕು, ಮನೆಯೆಲ್ಲ ಧೂಳು, ಹೊಗೆ. ಅಷ್ಟು ಹೊತ್ತು ಅಕ್ಕನನ್ನು ಎಲ್ಲಿ ಇರಿಸುವುದು? ನೆಂಟರ ಮನೆಗಳಲ್ಲಿ ಏಸಿ ಇರಲಿಲ್ಲ. ಆ ವರ್ಷವೇ ಒಂದು ಹಳೆಯ ಕಾರು ಕೊಂಡಿದ್ದ ನಾನು ರಜೆ ಹಾಕಿದೆ. "ನನ್ನ ಕಾರಿನ್ಯಾಗ ಏಸಿ ಐತ್ರಿ ಅಕ್ಕಾ. ಸಂಜಿ ತನ ತಿರುಗಾಡೂಣು," ಎಂದೆ.

ಅವರು ಚಿಕ್ಕ ಹುಡುಗಿಯಂತೆ ಸಿದ್ಧರಾದರು. ಮದುವೆಗೆ ಹೋಗುವ ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು, ಕುತ್ತಿಗೆಗೆ ಟವೆಲ್ ಸುತ್ತಿ ಮುಂದಿನ ಸೀಟಿನಲ್ಲಿ ಕೂತರು. ಮೊದಲು ಹಲಸೂರು ಕೆರೆಯನ್ನು ಸುತ್ತಿದೆವು. ದೇವಸ್ಥಾನದ ಬೀದಿಯ ಕೊನೆಯಲ್ಲಿ ನಿಲ್ಲಿಸಿದಾಗ ಕಾರೊಳಗಿಂದಲೇ ಕೈ ಮುಗಿದರು. ಇಂದಿರಾನಗರದ ಹೋಟೆಲೊಂದರ ಮುಂದೆ ಕಾರಿನಲ್ಲೇ ಇಡ್ಲಿ ತಿಂದೆವು. ನಡುನಡುವೆ ಮನೆಯಿಂದ ಯಜಮಾನರ ಫೋನ್.

"ಹಳೇ ಕಾಯಿಲ್ ಇಳಿಸಿದ್ರು."

ಇನ್ನೊಂದಷ್ಟು ಹೊತ್ತಿಗೆ, "ಹೊಸದು ಸರಿಯಾಗ್ ಕೂತ್ಕೊಂತು. ಬೆಸುಗೆ ಹಾಕ್ತಾವ್ರೆ."

"ಅದ್ರ ಕೆಳಗಡೆ ನೀರಿನ ತಟ್ಟೆಗೆ ನೀರು ಹರ್ದೋಗಂಗೆ ವಾಟ ಕೊಟ್ಟವ್ರಾ ಕೇಳಿ," ಎಂದರು ಅಕ್ಕ. "ಹಿಂದೆ ಕೊಟ್ಟಿರ್ಲಿಲ್ಲ, ದೇವ್ರ ಮನೆ ಮೇಲೆ ಸೋರ್ತಿತ್ತು." ಆ ಕಡೆ ಯಜಮಾನರು ಕೇಳುವುದು, ಮೆಕ್ಯಾನಿಕ್ ನಗುವುದು, ಏಣಿಯ ಸದ್ದು, ಎಲ್ಲ ಕೇಳಿಸಿತು. ವಾಟ ಕೊಟ್ಟಿದ್ದನಂತೆ.

ಮಧ್ಯಾಹ್ನ ಅಕ್ಕ, "ನಮ್ಮೂರಿಗೆ ಹೋಗಣ," ಎಂದರು.

ಕೆ.ಆರ್. ಪುರದ ಸೇತುವೆ ದಾಟಿ, ಮೆಟ್ರೋ ಕಂಬಗಳ ಕೆಳಗೆ ತೆವಳಿ, ಮಹದೇವಪುರ ತಲುಪಲು ಸುಮಾರು ಹೊತ್ತು ಹಿಡಿಯಿತು. ಅವರ ಅಪ್ಪನ ಹೊಲವಿದ್ದ ಕಡೆ ಈಗ ಗಾಜಿನ ಕಟ್ಟಡಗಳ ಸಾಲು, ದೊಡ್ಡ ಗೇಟು, ಕ್ಯಾಬುಗಳ ಸರತಿ. ಅಕ್ಕ ಕಟ್ಟಡಗಳನ್ನು ನೋಡಲೇ ಇಲ್ಲ. ರಸ್ತೆಯ ಅಂಚಿನಲ್ಲಿ ಉಳಿದಿದ್ದ ಹೊಂಗೆಮರವೊಂದನ್ನು ತೋರಿಸಿ, "ಅದು ನಮ್ದು. ಬದುವಿನ ಮರ. ನಿಲ್ಸು," ಎಂದರು.

"ಇಳೀಬ್ಯಾಡ್ರಿ."

"ನೆಳ್ಳಲ್ಲಿ ಒಂದ್ ಗಳಿಗೆ ನಿಂತ್ಕೋತೀನಿ ಕಣಮ್ಮ. ಮುಟ್ಟಿ ಬರ್ತೀನಿ."

ಕೈ ಹಿಡಿದು ಇಳಿಸಿದೆ. ಮರದ ಬೊಡ್ಡೆಗೆ ಕೈಯಿಟ್ಟು ನಿಂತರು. ಹೊಂಗೆ ಆಗಷ್ಟೇ ಚಿಗುರಿ ಹೂಬಿಟ್ಟಿತ್ತು, ಕಾಲ ಕೆಳಗೆಲ್ಲ ಹೂವಿನ ಪುಡಿ. ನಾನು ಕಾರಿನ ಬಾಗಿಲು ತೆರೆದು ಹಿಡಿಯಲು ತಿರುಗಿದೆ. ಮತ್ತೆ ನೋಡುವಷ್ಟರಲ್ಲಿ ಅವರು ನೆರಳು ಬಿಟ್ಟು ಆಚೆ ಹೋಗಿದ್ದರು. ಕುತ್ತಿಗೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದು, ಮಧ್ಯಾಹ್ನದ ಆ ಬಿಸಿಲಲ್ಲಿ, ಫುಟ್‌ಪಾತಿನ ನಟ್ಟನಡುವೆ, ಮುಖ ಮೇಲೆತ್ತಿ ನಿಂತಿದ್ದರು. ಊಟ ಮುಗಿಸಿ ಬರುತ್ತಿದ್ದ ಹುಡುಗ ಹುಡುಗಿಯರು ಅವರನ್ನು ಬಳಸಿಕೊಂಡು ಹೋಗುತ್ತಿದ್ದರು.

"ಸಾಕ್ರಿ ಅಕ್ಕಾ, ಬರ್ರಿ."

"ಇರಮ್ಮ."

"ಅಕ್ಕಾ, ಕಾಲು ಹೋಗ್ತಾವ್ರಿ."

"ಹೋಗ್ಲಿ ಇರು."

ಕಾಲು ನಡುಗತೊಡಗಿದ್ದು ನನಗೆ ಕಾಣುತ್ತಿತ್ತು. ಓಡಿಹೋಗಿ ಸೊಂಟ ಹಿಡಿದುಕೊಂಡೆ. ಅಷ್ಟರಲ್ಲಿ ಮಂಡಿ ಮಡಿಚಿ, ನನ್ನ ಮೇಲೆ ಪೂರ್ತಿ ಭಾರ ಬಿಟ್ಟು, ಅಂಚಿನ ಕಲ್ಲಿನ ಮೇಲೆ ಕುಸಿದು ಕೂತರು. ಗೇಟಿನ ಕಾವಲುಗಾರನೊಬ್ಬ ತನ್ನ ಪ್ಲಾಸ್ಟಿಕ್ ಕುರ್ಚಿ ಹಿಡಿದು ಬಂದ. ಅವನ ಭಾಷೆ ನಮಗೆ ಬಾರದು, ನಮ್ಮದು ಅವನಿಗೆ ಬಾರದು. ಕುರ್ಚಿಯಲ್ಲಿ ಕೂರಿಸಿ, ಇಬ್ಬರೂ ಎತ್ತಿ ಕಾರಿಗೆ ಮುಟ್ಟಿಸಿದೆವು. ಏಸಿ ಜೋರು ಮಾಡಿ, ಟವೆಲ್ಲಿನ ಮೇಲೆ ತಣ್ಣೀರು ಸುರಿದು ಮುಖ, ಕುತ್ತಿಗೆ ಒರೆಸಿದೆ. ಅವರ ಕಣ್ಣು ನನ್ನ ಮುಖವನ್ನು ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ಆಸ್ಪತ್ರೆಗೆ ಹೋಗೋಣವೇ ಎಂದರೆ ಬೇಡವೆಂದು ತಲೆ ಅಲ್ಲಾಡಿಸಿದರು. ಬಹಳ ಹೊತ್ತಿನ ಮೇಲೆ ನಾಲಗೆ ತಿರುಗಿತು.

"ಬೆನ್ನಿಗೂ ಬಿಸ್ಲು ಬಿತ್ತು," ಎಂದರು. ಅಷ್ಟೇ. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಏಳುತ್ತಿರಲಿಲ್ಲ. ನಾನೇ ಒರೆಸಿದೆ.

ಸಂಜೆ ಮನೆ ಮುಟ್ಟಿದಾಗ ಮೆಕ್ಯಾನಿಕ್ ಕೊನೆಯ ಪರೀಕ್ಷೆಯಲ್ಲಿದ್ದ. ಬೆಸುಗೆಗಳಿಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೊಳವೆಯೊಳಗಿನ ಗಾಳಿಯೆಲ್ಲ ಹೀರಿ ತೆಗೆದು, ಗ್ಯಾಸ್ ಬಿಟ್ಟಿದ್ದ. ಸ್ವಿಚ್ ಒತ್ತಿದ ಕೆಲ ಹೊತ್ತಿಗೆ ಛಾವಣಿಯ ಜಾಲರಿಗಳಿಂದ ತಂಪು ಇಳಿಯತೊಡಗಿತು. ಅಕ್ಕ ಗೋಡೆ ಹಿಡಿದು ಒಂದೊಂದೇ ಕೋಣೆಗೆ ಹೋದರು. ಹಾಲಿನ ಜಾಲರಿಯ ಕೆಳಗೆ, ಅಡುಗೆಮನೆಯ ಜಾಲರಿಯ ಕೆಳಗೆ, ದೇವರ ಮನೆಯ ಬಾಗಿಲಲ್ಲಿ, ಕೈಯೆತ್ತಿ ಗಾಳಿ ಮುಟ್ಟಿ ನೋಡಿದರು. ದೀಪ ಹಚ್ಚಿದರು. ಆಮೇಲೆ ಸೋಫಾದಲ್ಲಿ ಕೂತು, ನಾನು ಏನು ಹೇಳುವುದೋ ಬಿಡುವುದೋ ಎಂದು ಒದ್ದಾಡುತ್ತಿರುವಾಗ, ಗಂಡನಿಗೆ ತಾವೇ ಹೇಳಿದರು.

"ಬಿಸ್ಲಲ್ಲಿ ನಿಂತಿದ್ದೆ ರೀ. ನಮ್ ಹೊಲದತ್ರ. ಬಿದ್ದೂ ಬಿದ್ದೆ. ಇವಳದೇನೂ ತಪ್ಪಿಲ್ಲ."

ಬೈಗುಳ ಕೇಳಲು ನಾನು ತಯಾರಾಗಿದ್ದೆ. ಯಜಮಾನರು ಹೆಂಡತಿಯ ಪಕ್ಕ ಬಂದು ಕೂತರು. ಆಮೇಲೆ ಕೇಳಿದರು, "ಹೆಂಗಿತ್ತು ಬಿಸ್ಲು?"

"ಹಂಗೇ ಐತೆ," ಎಂದರು ಅಕ್ಕ. "ಏನೂ ಬದಲಾಗಿಲ್ಲ."

ಅದಾದ ಮೇಲೆ ಕೆಲವೇ ವರ್ಷ ಅವರು ಇದ್ದದ್ದು. ಆ ವರ್ಷಗಳಲ್ಲಿ ಮನೆಯೆಲ್ಲ ಅವರದೇ ಆಗಿತ್ತು. ಬೇಸಗೆಯಲ್ಲೂ ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಮಹಡಿಗೆ ಕೇಳುತ್ತಿತ್ತು. ಭಾನುವಾರ ಅವರೆಕಾಳಿನ ಉಪ್ಪಿಟ್ಟು ಮಾಡಿ, "ಬಾ ಕೆಳಕ್ಕೆ," ಎಂದು ಫೋನ್ ಮಾಡುತ್ತಿದ್ದರು. ನನ್ನನ್ನು ಊರಿಗೆ ಕಳಿಸಿದ್ದೂ ಅವರೇ. ಒಂದು ಮೇ ತಿಂಗಳು, "ನೀನ್ ಹೇಳಿದ್ನೇ ಹೇಳ್ತಿದೀಯ ಈಗೀಗ. ಹೋಗಿ ಹೊಸದು ನೋಡ್ಕೊಂಡ್ ಬಾ," ಎಂದು ಹಟ ಹಿಡಿದರು. ಅವ್ವನ ಮನೆಯ ಮೆಟ್ಟಿಲು ತುಳಿಯದೆ ವರ್ಷಗಳಾಗಿದ್ದವು. ಹೋದೆ. ಮಧ್ಯಾಹ್ನ ಮಾಳಿಗೆ ಹತ್ತಿ ನಿಂತೆ. ಅವ್ವ ಕೆಳಗಿನಿಂದ, "ಬಿಸಲಾಗ ಯಾಕ ನಿಂತೀಯವ್ವಾ," ಎಂದು ಕೂಗಿದಳು. ಬೆಂಗಳೂರಿನಾಗ ಒಬ್ಬರಿಗೆ ಹೇಳಬೇಕಾಗೇದ ಎಂದೆ. ಆ ದಿನದಿಂದ ನನಗೂ ಊರಿಗೂ ಮಾತು ಶುರುವಾಯಿತು. ಅವ್ವ ಈಗ ವರ್ಷಕ್ಕೊಮ್ಮೆ ನನ್ನ ಜೊತೆ ಬಂದಿರುತ್ತಾಳೆ. ಅಕ್ಕ ಕೇಳದಿದ್ದರೆ ನಾನು ಆ ಬಿಸಿಲನ್ನೂ ಅದರ ಕೆಳಗಿರುವ ಅವ್ವನನ್ನೂ ಕಳೆದುಕೊಂಡೇ ಇರುತ್ತಿದ್ದೆ.

ಅವರನ್ನು ಕೊಂಡೊಯ್ದದ್ದು ಸೆಕೆಯಲ್ಲ. ಡಿಸೆಂಬರಿನ ಚಳಿಯಲ್ಲಿ ಬಂದ ಜ್ವರ ಎದೆಗೆ ಇಳಿದು, ಆಸ್ಪತ್ರೆ ಸೇರಿಸಿ, ಸಂಕ್ರಾಂತಿಗೆ ಇನ್ನೂ ಒಂದು ವಾರವಿದೆ ಎನ್ನುವಾಗ ಹೋಗಿಬಿಟ್ಟರು. ಬೆಳಗಿನ ಹೊತ್ತು ಮನೆಗೆ ತಂದರು. ಚೆನ್ನೈಯಿಂದ ಅವರ ತಂಗಿ ಬರುವುದು ಮಧ್ಯಾಹ್ನವಾಗುತ್ತದೆಂದು ನೆಂಟರು ಫ್ರೀಜರ್ ಪೆಟ್ಟಿಗೆಗೆ ಹೇಳಿ ಕಳಿಸಿದ್ದರು. ಗಾಜಿನ ಮುಚ್ಚಳದ ಆ ಪೆಟ್ಟಿಗೆ ಬಂದು ಗೇಟಿನಲ್ಲಿ ಇಳಿಯಿತು. ಹಾಲಿನಲ್ಲಿ ಎಲ್ಲಿಡುವುದು, ಪ್ಲಗ್ ಎಲ್ಲಿದೆ ಎಂದು ಅವರಿವರು ಓಡಾಡುತ್ತಿದ್ದರು. ಗೋಡೆಗೊರಗಿ ಕೂತಿದ್ದ ಯಜಮಾನರು ಎದ್ದು ಬಂದರು.

"ಅದನ್ನ ವಾಪಸ್ ಕಳ್ಸಿ," ಎಂದರು.

"ಮಧ್ಯಾಹ್ನದ ತನಕ ಇಡ್ಬೇಕಲ್ಲಣ್ಣ," ಎಂದರು ಯಾರೋ.

"ಇಷ್ಟ್ ವರ್ಷ ತಂಪಲ್ಲೇ ಇಟ್ಟಿದ್ದೆ ಕಣಪ್ಪ. ಇವತ್ತೊಂದಿನ ಬಿಸ್ಲಲ್ಲಿರ್ಲಿ."

ಅಂಗಳಕ್ಕೆ ಶಾಮಿಯಾನ ಕಟ್ಟುತ್ತಿದ್ದವರನ್ನು ನಿಲ್ಲಿಸಿ, ಮೇಲಿನ ಬಟ್ಟೆ ಬಿಚ್ಚಿಸಿದರು. ಚಾಪೆ ಹಾಸಿ ಅಕ್ಕನನ್ನು ಅಲ್ಲಿ ಮಲಗಿಸಿದರು. ಜನವರಿಯ ಬಿಸಿಲು ಸುಡುವಂಥದ್ದಲ್ಲ, ಹಿತವಾಗಿತ್ತು. ಮೊದಲು ಮುಖದ ಮೇಲೆ, ಆಮೇಲೆ ಎದೆಯ ಮೇಲೆ, ಹೂವಿನ ಹಾರಗಳ ಮೇಲೆ, ಹೊತ್ತೇರಿದಂತೆ ಪಾದಗಳ ಮೇಲೆ ಬಿತ್ತು. ಬಂದವರು ನೆರಳು ನೋಡಿಕೊಂಡು ಗೋಡೆಯ ಪಕ್ಕ ಸರಿದು ಕೂತರು. ಯಜಮಾನರು ಅವರ ತಲೆಯ ಬಳಿ ಬಿಸಿಲಲ್ಲೇ ಕೂತರು. ನಾನು ಕಾಲ ಬಳಿ ಕೂತೆ.

ತಂಗಿ ಬಂದು ಅತ್ತು ಸುಮ್ಮನಾದ ಮೇಲೆ, ಎತ್ತುವ ಹೊತ್ತಾಯಿತೆಂದು ಒಬ್ಬೊಬ್ಬರೇ ನಮಸ್ಕರಿಸತೊಡಗಿದರು. ನನ್ನ ಸರದಿ ಬಂದಾಗ ಬಾಗಿ ಅವರ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆಚ್ಚಗಿದ್ದವು.